ತಿದ್ದುವ ಕೈ ಎಲ್ಲಿದೆ?

ಪಿಯುಸಿ ಫಲಿತಾಂಶ ಬಂದಾಯಿತು. ಮಗಳು ಗ್ರಾಫಿಕ್ ಡಿಸೈನ್ ಓದುತ್ತೇನೆ ಎನ್ನುತ್ತಿದ್ದಾಳೆ. ಅಪ್ಪನ ಕೈಯಲ್ಲಿ ಮಿರುಗುವ ಕಾಲೇಜು ಪುಸ್ತಿಕೆಗಳು, ತಲೆಯಲ್ಲಿ ಶುಲ್ಕದ ಲೆಕ್ಕ. ಯಾವ ಕಾಲೇಜು? ಮೈಸೂರೇ ಸಾಕೇ, ಬೆಂಗಳೂರಿಗೆ ಹೋಗಬೇಕೇ, ಅಹಮದಾಬಾದೇ ಆಗಬೇಕೇ? ಉತ್ತರ ಪುಸ್ತಿಕೆಯಲ್ಲಿಲ್ಲ, ಕಾಲೇಜಿನ ಗೋಡೆಗಳ ಮೇಲಿದೆ.

ಮೈಸೂರಿನ ಬಲ್ಲಾಳ್ ಸರ್ಕಲ್ ಹತ್ತಿರದ ಒಂದು ಜೆರಾಕ್ಸ್ ಅಂಗಡಿ. ಮೇ ತಿಂಗಳ ಮಳೆ ಈಗಷ್ಟೇ ನಿಂತಿದೆ. ಕಲರ್ ಪ್ರಿಂಟರ್ ಒಂದೊಂದೇ ಹಾಳೆಯನ್ನು ಹೊರಗೆ ತಳ್ಳುತ್ತಿದೆ. ಮೊದಲನೆಯದರಲ್ಲಿ ಚಿಕ್ಕ ಗಡಿಯಾರ, ಎರಡನೆಯದರಲ್ಲಿ ನಾಟಕದ ಪೋಸ್ಟರು, ಮೂರನೆಯದು ಹಪ್ಪಳದ ಪೊಟ್ಟಣಕ್ಕೆ ಬರೆದ ಲೇಬಲ್ಲು.

ಹುಡುಗಿ ಲೇಬಲ್ಲನ್ನು ಎತ್ತಿ ಬೆಳಕಿಗೆ ಹಿಡಿದಳು. "ಕೆಂಪು ಸರಿಯಾಗಿ ಬಂದಿಲ್ಲ ಅಣ್ಣ. ಸ್ಕ್ರೀನ್ ಮೇಲೆ ಬೇರೆ ಥರ ಇತ್ತು."

"ಸ್ಕ್ರೀನಿಂದೇ ಬೇರೆ, ಇಂಕಿಂದೇ ಬೇರೆ ಕಣಮ್ಮ" ಎಂದರು ಅಂಗಡಿಯವರು.

ಪಕ್ಕದಲ್ಲಿ ಕೊಡೆ ಮಡಚುತ್ತಿದ್ದ ಅಪ್ಪ ಬಾಯಿ ಹಾಕಿದರು. "ಇವಳು ಇದನ್ನೇ ಓದ್ತೀನಿ ಅಂತಾಳೆ ಸಾರ್. ನೀವು ಮಾಡೋ ಕೆಲಸನೇ ಅಲ್ವಾ ಇದು? ಇದಕ್ಕೆ ನಾಕು ವರ್ಷ ಕಾಲೇಜು ಬೇಕಾ?"

ಅಂಗಡಿಯವರು ಸ್ವಲ್ಪ ಹೊತ್ತು ಪ್ರಿಂಟರನ್ನೇ ನೋಡುತ್ತಿದ್ದರು. "ಮಾಡಕ್ಕೆ ನಂಗೂ ಬರುತ್ತೆ ಸಾರ್. ಆದ್ರೆ ಯಾಕೆ ಹಿಂಗೇ ಮಾಡ್ಬೇಕು ಅಂತ ನಂಗೆ ಯಾರೂ ತಿದ್ದಿ ಹೇಳ್ಲಿಲ್ಲ. ಹೇಳೋರಿದ್ರೆ ಕಳಿಸಿ."

ಗ್ರಾಫಿಕ್ ಡಿಸೈನ್ ಕಾಲೇಜು ಆರಿಸಿಕೊಳ್ಳುವವರಿಗೆ ಇದಕ್ಕಿಂತ ಉಪಯುಕ್ತವಾದ ಮಾತನ್ನು ಯಾವ ಶೈಕ್ಷಣಿಕ ಮೇಳದಲ್ಲೂ ನಾನು ಕೇಳಿಲ್ಲ. ತಂತ್ರಾಂಶವನ್ನು ಯೂಟ್ಯೂಬ್ ನೋಡಿ ಕಲಿಯಬಹುದು. ಬಣ್ಣ ಕಲಸುವುದನ್ನು ಮನೆಯಲ್ಲೇ ಅಭ್ಯಾಸ ಮಾಡಬಹುದು. ನಾವು ಮಾಡಿದ್ದರ ಎದುರು ಕುಳಿತು, "ಇದು ಯಾಕೆ ಇಲ್ಲಿದೆ? ತೆಗೆದರೆ ಏನಾಗುತ್ತದೆ?" ಎಂದು ಕೇಳುವವರು ಮಾತ್ರ ಸುಲಭಕ್ಕೆ ಸಿಗುವುದಿಲ್ಲ. ಕಾಲೇಜಿಗೆ ಕಟ್ಟುವ ದುಡ್ಡು ನಿಜವಾಗಿ ಹೋಗಬೇಕಾದದ್ದು ಅವರಿಗೆ.

ಮೊದಲಿಗೆ, ಇದು ಯಾವ ಕೆಲಸ?

ಸೋಪಿನ ಪೆಟ್ಟಿಗೆ, ಔಷಧದ ಪಟ್ಟಿಯ ಮೇಲಿನ ಸಣ್ಣಕ್ಷರ, ಆಸ್ಪತ್ರೆಯಲ್ಲಿ ಎಕ್ಸ್‌ರೇ ಕೋಣೆಗೆ ದಾರಿ ತೋರುವ ಬಾಣ, ಪಠ್ಯಪುಸ್ತಕದ ಪುಟ, ದಿನಪತ್ರಿಕೆಯ ಮುಖಪುಟ, ಮೊಬೈಲಿನಲ್ಲಿ ಹಣ ಕಳಿಸಲು ಒತ್ತುವ ಗುಂಡಿ. ಇವೆಲ್ಲವನ್ನೂ ಯಾರೋ ಒಬ್ಬರು ಕುಳಿತು ತೀರ್ಮಾನಿಸಿದ್ದಾರೆ. ಅಕ್ಷರದ ಗಾತ್ರ ಎಷ್ಟಿರಬೇಕು, ಖಾಲಿ ಜಾಗ ಎಲ್ಲಿ ಬಿಡಬೇಕು, ಕಣ್ಣು ಮೊದಲು ಎಲ್ಲಿಗೆ ಹೋಗಬೇಕು ಎಂಬ ತೀರ್ಮಾನಗಳು. ಚಿತ್ರ ಬರೆಯಲು ಬಂದರೆ ಇಲ್ಲಿ ಬಹಳ ಅನುಕೂಲ. ಆದರೆ ಚಿತ್ರಕಾರನ ಕೆಲಸವೇ ಬೇರೆ, ಇದರ ಜವಾಬ್ದಾರಿಯೇ ಬೇರೆ. ಬಾಣ ತಪ್ಪು ಕಡೆ ತೋರಿಸಿದರೆ ರೋಗಿ ತಪ್ಪು ಕೋಣೆಗೆ ಹೋಗುತ್ತಾನೆ.

ಸೈನ್ಸ್ ತೆಗೆದುಕೊಂಡವರಿಗೆ ಮಾತ್ರ ಈ ದಾರಿ ಎಂಬ ನಂಬಿಕೆ ಎಷ್ಟೋ ಮನೆಗಳಲ್ಲಿದೆ. ಅದು ನಿಜವಲ್ಲ. ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಎನ್‌ಐಡಿಗಾಗಲಿ ಐಐಟಿಗಳ ಬಿ.ಡಿಸೈನ್‌ಗಾಗಲಿ ಕಾಮರ್ಸ್, ಆರ್ಟ್ಸ್ ಓದಿದವರೂ ಪರೀಕ್ಷೆ ಬರೆಯಬಹುದು. ಬೇರೆ ಓದಿನಿಂದ ಬಂದು ಇಲ್ಲಿ ಹೆಸರು ಮಾಡಿದವರೂ ಇದ್ದಾರೆ. 2010ರಲ್ಲಿ ಕೇಂದ್ರ ಸರ್ಕಾರ ಒಪ್ಪಿಕೊಂಡ ರೂಪಾಯಿ ಚಿಹ್ನೆಯನ್ನು ರೂಪಿಸಿದ ಡಿ. ಉದಯ ಕುಮಾರ್ ಮೊದಲು ಓದಿದ್ದು ವಾಸ್ತುಶಿಲ್ಪ. ಆಮೇಲೆ ಬಾಂಬೆ ಐಐಟಿಯಲ್ಲಿ ವಿನ್ಯಾಸ. ಇವತ್ತು ಪ್ರತಿ ಅಂಗಡಿಯ ರಸೀದಿಯಲ್ಲೂ ಅವರ ಕೈಬರಹವಿದೆ.

> ಬಾಕ್ಸ್: ಮೈಸೂರು ಸೀಮೆಯ ವಿನ್ಯಾಸಗಳು
>
> ಶರಭ ಮುದ್ರೆಯ ಸೋಪು. ಮೈಸೂರು ಸ್ಯಾಂಡಲ್ ಸೋಪು ತಯಾರಾಗಲು ತೊಡಗಿದ್ದು 1918ರಲ್ಲಿ. ಅಂಡಾಕಾರದ ಬಿಲ್ಲೆ, ಒಡವೆ ಪೆಟ್ಟಿಗೆಯಂತೆ ತೆರೆಯುವ ಡಬ್ಬಿ, ಆನೆಯ ಸೊಂಡಿಲು ಸಿಂಹದ ದೇಹದ ಶರಭ. ಶತಮಾನ ಕಳೆದರೂ ಕಣ್ಣು ಮುಚ್ಚಿ ನೆನೆಸಿಕೊಳ್ಳಬಹುದಾದ ಪ್ಯಾಕೇಜಿಂಗ್.
>
> ಗಂಜೀಫಾ ಎಲೆಗಳು. ಅಂಗೈಯಗಲದ ಎಲೆಯಲ್ಲಿ ದೇವತೆ, ಸಂಖ್ಯೆ, ಅಂಚು ಎಲ್ಲವನ್ನೂ ಗೊಂದಲವಿಲ್ಲದೆ ಕೂರಿಸಿದ ಕಲೆ. ಮುಮ್ಮಡಿ ಕೃಷ್ಣರಾಜ ಒಡೆಯರ ಆಸಕ್ತಿಯಿಂದ ಬೆಳೆದದ್ದು. ಮೈಸೂರಿನ ಗಂಜೀಫಾಕ್ಕೆ ಇಂದು ಜಿಐ ಮಾನ್ಯತೆಯಿದೆ.
>
> ಸೈಕಲ್ ಅಗರಬತ್ತಿ. ಎನ್. ರಂಗರಾವ್ 1948ರಲ್ಲಿ ಮೈಸೂರಿನಲ್ಲಿ ಶುರುಮಾಡಿದ ಉದ್ಯಮ. ಅಕ್ಷರ ಓದಲು ಬಾರದವರೂ ಚಿತ್ರ ನೋಡಿ ಕೇಳಬಹುದಾದ ಗುರುತು.
>
> ರಂಗಾಯಣದ ಪೋಸ್ಟರುಗಳು. ಬಿ.ವಿ. ಕಾರಂತರು 1989ರಲ್ಲಿ ಕಟ್ಟಿದ ರೆಪರ್ಟರಿ. ನಾಟಕ, ಬಹುರೂಪಿ ಉತ್ಸವಗಳ ಪೋಸ್ಟರುಗಳಲ್ಲಿ ಕನ್ನಡ ಅಕ್ಷರಗಳನ್ನು ಚಿತ್ರದಂತೆ ಬಳಸಿದ ಕೆಲಸ ಕಲಿಯುವವರು ನೋಡಲೇಬೇಕಾದದ್ದು.

ಸಯ್ಯಾಜಿರಾವ್ ರಸ್ತೆಯಿಂದ ಸಿದ್ಧಾರ್ಥನಗರಕ್ಕೆ

ಸಯ್ಯಾಜಿರಾವ್ ರಸ್ತೆಯಲ್ಲಿ ಕಾವೇರಿ ಎಂಪೋರಿಯಂ ಇರುವ ಆ ಹಳೆಯ ಕಟ್ಟಡದ ಮುಂದೆ ಪ್ರವಾಸಿಗರ ಬಸ್ಸು ನಿಲ್ಲುತ್ತದೆ. ಗಂಧದ ಆನೆ ಕೊಂಡು ಹೊರಬರುವವರಿಗೆ ಅದು ಒಂದು ಕಾಲದಲ್ಲಿ ಕಲಿಯುವ ಜಾಗವಾಗಿತ್ತು ಎಂದು ಹೇಳುವವರಿಲ್ಲ. ಚಾಮರಾಜೇಂದ್ರ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್, ಊರವರ ಬಾಯಲ್ಲಿ ಸಿಟಿಐ. ತಂದೆ ಹತ್ತನೆಯ ಚಾಮರಾಜೇಂದ್ರ ಒಡೆಯರ ನೆನಪಿಗೆ ನಾಲ್ವಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ್ದು. 1906ರಲ್ಲಿ ಮೈಸೂರಿಗೆ ಬಂದಿದ್ದ ವೇಲ್ಸ್ ರಾಜಕುಮಾರ, ಮುಂದೆ ಐದನೆಯ ಜಾರ್ಜ್ ದೊರೆಯಾದವರು, ಇದಕ್ಕೆ ಅಡಿಗಲ್ಲು ಹಾಕಿದರು. ಕಟ್ಟಡ ಮುಗಿದದ್ದು 1913ರಲ್ಲಿ.

ಬೀಟೆ ಮರದ ಕುಂದಣ, ಗಂಧದ ಕೆತ್ತನೆ, ಚಿತ್ರಕಲೆ ಇವನ್ನೆಲ್ಲ ಅಲ್ಲಿ ಒಂದೇ ಸೂರಿನಡಿ ಕಲಿಸುತ್ತಿದ್ದರು. ಕಲೆ ಬೇರೆ, ಕಸುಬು ಬೇರೆ ಎಂಬ ಗೋಡೆ ಅಲ್ಲಿರಲಿಲ್ಲ. ಇವತ್ತಿನ ಡಿಸೈನ್ ಕಾಲೇಜುಗಳು ಹೊಸ ವಿಚಾರವೆಂದು ಹೇಳಿಕೊಳ್ಳುವ ಎಷ್ಟೋ ಸಂಗತಿ ಈ ಊರಿಗೆ ಹಳತು.

1980ರ ದಶಕದ ಆರಂಭದಲ್ಲಿ ಬೆಂಗಳೂರಿನಲ್ಲಿ ನೆಲೆಸಿದ್ದ ರಷ್ಯನ್ ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ ಅವರ ಸಲಹೆಯಂತೆ ಸಿಟಿಐ ಪರಂಪರೆ ಹೊಸ ರೂಪ ತಳೆಯಿತು. ಅದೇ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ಎಲ್ಲರ ಬಾಯಲ್ಲಿ ಕಾವಾ. ಈಗ ಅದು ಇರುವುದು ಸಿದ್ಧಾರ್ಥನಗರದಲ್ಲಿ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಕೆಳಗೆ ನಡೆಯುವ ಸರ್ಕಾರಿ ಕಾಲೇಜು. ಶುಲ್ಕ ಸಾವಿರಗಳ ಲೆಕ್ಕದ್ದು.

ಕಾವಾಕ್ಕೆ ಅರ್ಜಿ ಹಾಕುವವರು ಒಂದು ವಿಷಯದಲ್ಲಿ ಎಚ್ಚರವಾಗಿರಬೇಕು. ಅಲ್ಲಿ 'ಗ್ರಾಫಿಕ್ಸ್' ಎಂಬ ವಿಭಾಗವಿದೆ. ಗ್ರಾಫಿಕ್ ಡಿಸೈನ್ ಎಂದುಕೊಂಡು ಅದನ್ನು ಆರಿಸಿಕೊಂಡರೆ ಸಿಗುವುದು ಮುದ್ರಣಕಲೆ: ತಾಮ್ರದ ತಗಡನ್ನು ಆಮ್ಲದಲ್ಲಿ ಅದ್ದುವುದು, ಮರದ ಹಲಗೆ ಕೊರೆಯುವುದು, ಕಲ್ಲಚ್ಚು. ಬಹಳ ಸುಂದರವಾದ ವಿದ್ಯೆ, ಆದರೆ ಬೇರೆ ವಿದ್ಯೆ. ಜಾಹೀರಾತು, ಲಾಂಛನ, ಪ್ಯಾಕೇಜಿಂಗ್, ಅಕ್ಷರ ವಿನ್ಯಾಸ ಬೇಕಾದವರು ಕೇಳಬೇಕಾದದ್ದು ಅನ್ವಯಿಕ ಕಲೆ ವಿಭಾಗವನ್ನು, ಅಂದರೆ ಅಪ್ಲೈಡ್ ಆರ್ಟ್. ದೇಶದ ಬಹುತೇಕ ಲಲಿತಕಲಾ ಕಾಲೇಜುಗಳಲ್ಲೂ ಇದೇ ಏರ್ಪಾಡು. ಹಾಗಿದ್ದೂ ಮುದ್ರಣಕಲೆಯ ಕೋಣೆಯಲ್ಲಿ ಒಂದಷ್ಟು ದಿನ ಕಳೆಯಲು ಅವಕಾಶ ಸಿಕ್ಕರೆ ಬಿಡಬಾರದು. ಮಸಿ ಕಾಗದಕ್ಕೆ ಹೇಗೆ ಹತ್ತುತ್ತದೆ ಎಂಬುದನ್ನು ಕೈಯಾರೆ ಕಂಡವರಿಗೆ ಪ್ರಿಂಟರಿನ ಮುಂದೆ ಕೆಂಪು ಯಾಕೆ ಬದಲಾಯಿತು ಎಂದು ವಿವರಿಸಬೇಕಾಗುವುದಿಲ್ಲ.

ಕಲಾಶಾಲೆ ಬೇಡವೆಂದ ಮೈಸೂರು ಹುಡುಗ

ಈ ಚರ್ಚೆ ಎದ್ದ ಮನೆಯಲ್ಲಿ ಯಾರಾದರೊಬ್ಬ ಚಿಕ್ಕಪ್ಪ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣರ ಕಥೆ ತೆಗೆಯುತ್ತಾರೆ. ಕಥೆ ನಿಜ. 1921ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಲಕ್ಷ್ಮಣ್ ಬಾಂಬೆಯ ಜೆ.ಜೆ. ಕಲಾಶಾಲೆಗೆ ಅರ್ಜಿ ಹಾಕಿದ್ದರು. ವಿದ್ಯಾರ್ಥಿಯಾಗಿ ಸೇರಿಸಿಕೊಳ್ಳುವಷ್ಟು ಪ್ರತಿಭೆ ಚಿತ್ರಗಳಲ್ಲಿ ಕಾಣುತ್ತಿಲ್ಲ ಎಂಬ ಅರ್ಥದ ಉತ್ತರ ಅಲ್ಲಿಂದ ಬಂತು. ಅವರು ಮಹಾರಾಜ ಕಾಲೇಜಿನಲ್ಲಿ ಬಿ.ಎ. ಓದಿದರು. ಮುಂದಿನದು ದೇಶಕ್ಕೇ ಗೊತ್ತು.

ಈ ಕಥೆಯಿಂದ "ಕಾಲೇಜೇ ಬೇಡ" ಎಂಬ ತೀರ್ಮಾನಕ್ಕೆ ಬರುವುದನ್ನು ನಾನು ಒಪ್ಪುವುದಿಲ್ಲ. ಲಕ್ಷ್ಮಣರಿಗೆ ಕಲಾಶಾಲೆ ಸಿಗಲಿಲ್ಲ. ಕಲಾಶಾಲೆ ಕೊಡಬೇಕಾದ ಎಲ್ಲವೂ ಸಿಕ್ಕಿತು. ಓದುತ್ತಿರುವಾಗಲೇ ಅಣ್ಣ ಆರ್.ಕೆ. ನಾರಾಯಣರ ಕಥೆಗಳಿಗೆ 'ದಿ ಹಿಂದೂ'ವಿನಲ್ಲಿ ಚಿತ್ರ ಬರೆಯುವ ಕೆಲಸವಿತ್ತು. ಹಾಸ್ಯ ಲೇಖಕ ರಾಶಿಯವರು 1942ರಲ್ಲಿ ಶುರುಮಾಡಿದ ಹಾಸ್ಯಪತ್ರಿಕೆ 'ಕೊರವಂಜಿ' ಇತ್ತು. ಅಚ್ಚಾಗುವ ತಾರೀಖು ತಪ್ಪಿಸುವಂತಿರಲಿಲ್ಲ. ಅಚ್ಚಾದ ಮೇಲೆ ನೋಡುವ ಸಾವಿರಾರು ಕಣ್ಣುಗಳಿದ್ದವು. ಡೇವಿಡ್ ಲೋ ಅವರ ವ್ಯಂಗ್ಯಚಿತ್ರಗಳನ್ನು ಪತ್ರಿಕೆಯಲ್ಲಿ ನೋಡಿ ಕಲಿಯುವ ಹಸಿವಿತ್ತು. ಸುತ್ತ ಬರೆದು ಮುಗಿಯದಷ್ಟು ಊರಿತ್ತು.

ಅವರು ವ್ಯಂಗ್ಯಚಿತ್ರಕ್ಕಷ್ಟೇ ನಿಲ್ಲಲಿಲ್ಲ. 1954ರಲ್ಲಿ ಏಷ್ಯನ್ ಪೇಂಟ್ಸ್‌ಗೆ ಬರೆದುಕೊಟ್ಟ ಗಟ್ಟು ಎಂಬ ತುಂಟ ಹುಡುಗ ಬಣ್ಣದ ಡಬ್ಬಿಯನ್ನು ಹಳ್ಳಿ ಹಳ್ಳಿಗೂ ಪರಿಚಯಿಸಿದ. ಅದು ಪಕ್ಕಾ ಗ್ರಾಫಿಕ್ ಡಿಸೈನ್.

ಹಾಗಾಗಿ ಲಕ್ಷ್ಮಣರನ್ನು ನೆನೆಯುವಾಗ ಕಾಲೇಜುಗಳಿಗೆ ಕೇಳಬೇಕಾದ ಪ್ರಶ್ನೆಗಳು ಇವು: ನಿಮ್ಮಲ್ಲಿ ಮಕ್ಕಳಿಗೆ ನಿಜವಾದ ಕೆಲಸ ಸಿಗುತ್ತದೆಯೇ? ಅದು ಅಚ್ಚಾಗುತ್ತದೆಯೇ? ಅದನ್ನು ನೋಡಿ ತಪ್ಪು ತೋರಿಸುವವರು ಇದ್ದಾರೆಯೇ?

ಮೇ ತಿಂಗಳಲ್ಲಿ ಎಚ್ಚರವಾದರೆ

ನಮ್ಮಲ್ಲಿ ಕಾಲೇಜಿನ ವಿಚಾರ ಏಳುವುದೇ ಪಿಯುಸಿ ಫಲಿತಾಂಶದ ದಿನ. ಎಂಜಿನಿಯರಿಂಗ್‌ಗೆ ಅದು ಸರಿಹೋಗುತ್ತದೆ, ಸಿಇಟಿಯೂ ಅದರ ಆಸುಪಾಸಿನಲ್ಲೇ ಇರುತ್ತದೆ. ಡಿಸೈನ್‌ನಲ್ಲಿ ದೊಡ್ಡ ಸಂಸ್ಥೆಗಳ ಬಾಗಿಲು ಆ ಹೊತ್ತಿಗೆ ಮುಚ್ಚಿರುತ್ತದೆ. ಸಿಇಟಿ ರ‍್ಯಾಂಕು ಎನ್‌ಐಡಿ, ಐಐಟಿಗಳಲ್ಲಿ ನಡೆಯುವುದಿಲ್ಲ. ಅವುಗಳ ಅರ್ಜಿ ಹಿಂದಿನ ವರ್ಷದ ದಸರಾ–ದೀಪಾವಳಿಯ ಹೊತ್ತಿಗೇ ಹಾಕಬೇಕು. ಮಗು ಎರಡನೇ ಪಿಯುಸಿಗೆ ಕಾಲಿಟ್ಟ ದಿನವೇ ಮಾತು ಶುರುವಾಗಬೇಕು. ಮೈಸೂರಿನಲ್ಲಿ ಒಳ್ಳೆಯ ಕೈಯಿರುವ ಎಷ್ಟೋ ಮಕ್ಕಳಿಗೆ ತಪ್ಪಿಹೋಗುವುದು ಪರೀಕ್ಷೆಯಲ್ಲ, ಪರೀಕ್ಷೆಯ ತಾರೀಖು. ಇದು ನನಗೆ ಬಹಳ ನೋವಿನ ಸಂಗತಿ.

> ಬಾಕ್ಸ್: ತಿಂಗಳ ಲೆಕ್ಕ
>
> ಎನ್‌ಐಡಿ. 1961ರಲ್ಲಿ ಅಹಮದಾಬಾದಿನಲ್ಲಿ ಆರಂಭ. ನಾಲ್ಕು ವರ್ಷದ ಬಿ.ಡಿಸೈನ್. ಪ್ರಿಲಿಮ್ಸ್ ಡಿಸೆಂಬರ್–ಜನವರಿ ಆಸುಪಾಸು; ಆಮೇಲೆ ಸ್ಟುಡಿಯೊ ಪರೀಕ್ಷೆ. ವಯಸ್ಸಿನ ಮಿತಿಯಿದೆ. ಬೆಂಗಳೂರು ಕ್ಯಾಂಪಸ್‌ನಲ್ಲಿರುವುದು ಸ್ನಾತಕೋತ್ತರ ಓದು, ಪಿಯುಸಿ ಮುಗಿಸಿದವರಿಗಲ್ಲ. ಬಿ.ಡಿಸೈನ್‌ಗೆ ಆಂಧ್ರಪ್ರದೇಶ, ಭೋಪಾಲ್, ಕುರುಕ್ಷೇತ್ರ, ಜೋರ್ಹಾಟ್‌ಗಳಲ್ಲೂ ಎನ್‌ಐಡಿಗಳಿವೆ.
>
> ಯೂಸೀಡ್. ಬಾಂಬೆ ಐಐಟಿ ನಡೆಸುವ ಪರೀಕ್ಷೆ. ಗುವಾಹಟಿ, ಹೈದರಾಬಾದ್ ಮುಂತಾದ ಐಐಟಿಗಳ ಬಿ.ಡಿಸೈನ್‌ಗೂ ಇದೇ. ಪರೀಕ್ಷೆ ಜನವರಿಯಲ್ಲಿ, ಅರ್ಜಿ ಅಕ್ಟೋಬರ್ ಆಸುಪಾಸಿನಲ್ಲಿ. ಕಂಪ್ಯೂಟರ್ ಪ್ರಶ್ನೆಗಳ ಜೊತೆಗೆ ಕೈಯಲ್ಲಿ ಚಿತ್ರ ಬರೆಯುವ ಭಾಗವೂ ಇದೆ.
>
> ನಿಫ್ಟ್. ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ; ಬೆಂಗಳೂರಿನಲ್ಲಿ ಕ್ಯಾಂಪಸ್ ಇದೆ. ಗ್ರಾಫಿಕ್ಸ್ ಕಡೆ ಒಲವಿದ್ದರೆ ನೋಡಬೇಕಾದದ್ದು ಫ್ಯಾಷನ್ ಕಮ್ಯುನಿಕೇಷನ್.
>
> ಕಾವಾ, ಚಿತ್ರಕಲಾ ಪರಿಷತ್ತು. ಅರ್ಜಿ ಸಾಮಾನ್ಯವಾಗಿ ಪಿಯುಸಿ ಫಲಿತಾಂಶದ ಸುಮಾರಿಗೆ. ಮಾರ್ಕ್ಸ್ ಕಾರ್ಡಿನಷ್ಟೇ ಮುಖ್ಯ, ಬರೆದ ಚಿತ್ರಗಳ ಕಟ್ಟು.

ಬೆಂಗಳೂರಿನ ಕುಮಾರಕೃಪಾ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತು 1960ರದ್ದು. ಅಲ್ಲೂ ಅನ್ವಯಿಕ ಕಲೆ ವಿಭಾಗವಿದೆ. ಯಲಹಂಕದ ಸೃಷ್ಟಿ ಡಿಸೈನ್ ಕಾಲೇಜು 1996ರಲ್ಲಿ ಶುರುವಾಗಿ ಈಗ ಮಣಿಪಾಲ ವಿಶ್ವವಿದ್ಯಾಲಯದ ಭಾಗವಾಗಿದೆ. ಪ್ರಯೋಗಕ್ಕೆ ತೆರೆದ ವಾತಾವರಣ ಬೇಕೆನ್ನುವವರು ಅದನ್ನು ಹುಡುಕಿಕೊಂಡು ಹೋಗುತ್ತಾರೆ. ಖರ್ಚು ಕಾವಾಕ್ಕೆ ಹೋಲಿಸುವಂಥದ್ದಲ್ಲ. ಮೈಸೂರಿನಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ಓಡಾಡಿ ಓದುತ್ತೇನೆ ಎನ್ನುವ ಮಕ್ಕಳಿದ್ದಾರೆ. ಡಿಸೈನ್ ಓದಿಗೆ ಅದು ಆಗದ ಮಾತು. ಇಲ್ಲಿನ ನಿಜವಾದ ಕಲಿಕೆ ತರಗತಿ ಮುಗಿದ ಮೇಲೆ, ರಾತ್ರಿ ಹತ್ತು ಗಂಟೆಗೆ ಸ್ಟುಡಿಯೊದಲ್ಲಿ ಗೆಳೆಯರ ಪಕ್ಕ ಕುಳಿತು ಮಾಡುವ ಕೆಲಸದಲ್ಲಿ ನಡೆಯುತ್ತದೆ. ಹಾಸ್ಟೆಲಿನ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಗೋಡೆ ನೋಡಿ ಬನ್ನಿ

ಖಾಸಗಿ ಕಾಲೇಜುಗಳ ಪುಸ್ತಿಕೆಗಳು ಬಲು ಚೆಂದ. ಅವನ್ನು ಮಾಡಿದವರು ಗ್ರಾಫಿಕ್ ಡಿಸೈನರುಗಳು. ಆ ಕಾಲೇಜಿನಲ್ಲೇ ಓದಿದವರೋ ಎಂದು ಕೇಳಿ ನೋಡಿ. ಉತ್ತರ ಹೌದಾದರೆ ಅದು ಆ ಕಾಲೇಜಿಗೆ ಒಳ್ಳೆಯ ಗುರುತು.

ಮಾಡಬೇಕಾದ ಕೆಲಸ ಒಂದೇ. ಮಗುವನ್ನು ಕರೆದುಕೊಂಡು ಕಾಲೇಜಿಗೆ ಹೋಗಿ. ಭಾನುವಾರ ಬೇಡ, ತರಗತಿ ನಡೆಯುವ ದಿನ. ಸ್ವಾಗತ ಕೋಣೆಯ ಸೋಫಾ ದಾಟಿ ಒಳಗೆ ಹೋಗಿ. ಕಾರಿಡಾರಿನ ಗೋಡೆಯ ಮೇಲೆ ಮಕ್ಕಳ ಕೆಲಸ ಇದೆಯೇ? ಅದು ಈ ವರ್ಷದ್ದೋ, ಐದು ವರ್ಷದಿಂದ ಅಲ್ಲೇ ಬಣ್ಣಗೆಟ್ಟು ತೂಗುತ್ತಿರುವುದೋ? ಎಲ್ಲ ಮಕ್ಕಳ ಕೆಲಸವೂ ಒಂದೇ ಥರ ಕಾಣುತ್ತಿದ್ದರೆ ಅಲ್ಲಿ ಮೇಷ್ಟ್ರ ಕೈಯನ್ನು ಅನುಕರಿಸುವುದೇ ಪಾಠ. ಒಂದಕ್ಕೊಂದು ಬೇರೆಯಾಗಿದ್ದು ಎಲ್ಲವೂ ಗಟ್ಟಿಯಾಗಿದ್ದರೆ, ಅಲ್ಲಿ ಯಾರೋ ಒಬ್ಬೊಬ್ಬ ಮಗುವಿನ ಪಕ್ಕವೂ ಕುಳಿತಿದ್ದಾರೆ.

ಅಂತಿಮ ವರ್ಷದ ಪ್ರದರ್ಶನದ ಸಮಯದಲ್ಲಿ ಹೋದರೆ ಇನ್ನೂ ಒಳ್ಳೆಯದು. ಬಹುತೇಕ ಕಲಾ ಕಾಲೇಜುಗಳು ವರ್ಷಕ್ಕೊಮ್ಮೆ ಅದನ್ನು ನಡೆಸುತ್ತವೆ, ಯಾರು ಬೇಕಾದರೂ ಹೋಗಿ ನೋಡಬಹುದು. ಒಂದು ಕೆಲಸದ ಮುಂದೆ ನಿಂತು ಅದನ್ನು ಮಾಡಿದ ವಿದ್ಯಾರ್ಥಿಯನ್ನೇ ಕೇಳಿ: "ಇದನ್ನ ಎಷ್ಟು ಸಲ ಬದಲಾಯಿಸಿದೆ ಮರಿ? ಯಾರು ಬದಲಾಯಿಸು ಅಂದ್ರು? ಯಾಕೆ?" ಮೊದಲ ಪ್ರಯತ್ನದ ರಫ್ ಹಾಳೆಗಳನ್ನು ಉತ್ಸಾಹದಿಂದ ತೆಗೆದು ತೋರಿಸುವ ಹುಡುಗರು ಸಿಕ್ಕರೆ ಆ ಕಾಲೇಜಿನಲ್ಲಿ ತಿದ್ದುವ ಕೈ ಇದೆ. "ಸಾರ್ ಹೇಳಿದ್ರು, ಮಾಡಿದ್ವಿ" ಎಂಬ ಉತ್ತರ ಬಂದರೆ ನೀವೇ ತೀರ್ಮಾನಿಸಿ.

ಡಿಸೈನ್ ಕಾಲೇಜುಗಳಲ್ಲಿ ಹೀಗೆ ಕೆಲಸವನ್ನು ತಿದ್ದುವ ಕ್ರಮಕ್ಕೆ ಜ್ಯೂರಿ ಎನ್ನುತ್ತಾರೆ. ವಿದ್ಯಾರ್ಥಿ ತನ್ನ ಕೆಲಸವನ್ನು ಗೋಡೆಗೆ ಅಂಟಿಸಿ ನಿಲ್ಲುತ್ತಾಳೆ. ಎದುರು ಮೇಷ್ಟ್ರು, ಹೊರಗಿನಿಂದ ಬಂದ ವೃತ್ತಿಪರರು, ಸಹಪಾಠಿಗಳು. ಪ್ರತಿ ಗೆರೆಗೂ ಕಾರಣ ಕೊಡಬೇಕು. ಮೊದಲ ವರ್ಷ ಮಕ್ಕಳು ಅತ್ತು ಹೊರಬರುವುದುಂಟು. ಕಾರಣ ಹೇಳುತ್ತಾ ಹೇಳುತ್ತಾ ಯೋಚಿಸುವುದು ಅಭ್ಯಾಸವಾಗುತ್ತದೆ. ಹೊರಗಿನಿಂದ ಯಾರು ಬರುತ್ತಾರೆ, ವರ್ಷಕ್ಕೆ ಎಷ್ಟು ಸಲ, ಎಂಬುದನ್ನು ಕಾಲೇಜಿನವರನ್ನು ಬಾಯಿಬಿಟ್ಟು ಕೇಳಿ. ಮಗುವಿಗೆ ಅವಮಾನ ಮಾಡುವ ಜ್ಯೂರಿಗೂ ಕೆಲಸವನ್ನು ಬಿಚ್ಚಿ ನೋಡುವ ಜ್ಯೂರಿಗೂ ವ್ಯತ್ಯಾಸವಿದೆ. ಅದನ್ನು ಹಿರಿಯ ವಿದ್ಯಾರ್ಥಿಗಳು ಮಾತ್ರ ಹೇಳಬಲ್ಲರು. ಕ್ಯಾಂಟೀನಿನಲ್ಲಿ ಕಾಫಿ ಕುಡಿಯುತ್ತಾ ಅವರನ್ನೇ ವಿಚಾರಿಸಿ.

> ಬಾಕ್ಸ್: ದುಡ್ಡು ಕಟ್ಟುವ ಮುಂಚೆ
>
> ಪದವಿ ಪತ್ರದ ಮೇಲೆ ಬರುವುದು ಯಾವ ವಿಶ್ವವಿದ್ಯಾಲಯದ ಹೆಸರು? ಅದಕ್ಕೆ ಯುಜಿಸಿ ಮಾನ್ಯತೆ ಇದೆಯೇ? ಸಿಗುವುದು ಪದವಿಯೋ, ಬರೀ ಸರ್ಟಿಫಿಕೇಟೋ?
>
> ಕಾಯಂ ಅಧ್ಯಾಪಕರು ಎಷ್ಟು? ಅವರು ಸ್ವತಃ ಮಾಡಿದ ಕೆಲಸವನ್ನು ನೋಡಬಹುದೇ?
>
> ಶುಲ್ಕದ ಹೊರಗೆ ಕಾಗದ, ಬಣ್ಣ, ಪ್ರಿಂಟ್, ಲ್ಯಾಪ್‌ಟಾಪ್‌ಗೆ ವರ್ಷಕ್ಕೆ ಎಷ್ಟಾಗುತ್ತದೆ? ಇದನ್ನು ಆಫೀಸಿನಲ್ಲಿ ಕೇಳುವುದಕ್ಕಿಂತ ಎರಡನೇ ವರ್ಷದ ವಿದ್ಯಾರ್ಥಿಯನ್ನು ಕೇಳುವುದು ಮೇಲು.
>
> ಪ್ಲೇಸ್‌ಮೆಂಟ್ ಪಟ್ಟಿಯಲ್ಲಿ ಕಂಪನಿಯ ಹೆಸರಿದ್ದರೆ ಸಾಲದು. ಯಾವ ಕೆಲಸಕ್ಕೆ ಸೇರಿದರು? ಡಿಸೈನರಾಗಿಯೇ?
>
> ಇಂಟರ್ನ್‌ಶಿಪ್ ಕಡ್ಡಾಯವೇ? ಎಷ್ಟು ವಾರ?

ಒತ್ತಕ್ಷರದ ಪರೀಕ್ಷೆ

ಇನ್ನೊಂದು ಪರೀಕ್ಷೆಯಿದೆ, ನನ್ನ ಮಟ್ಟಿಗೆ ಅದೇ ದೊಡ್ಡದು. ಗೋಡೆಯ ಮೇಲಿನ ಕೆಲಸಗಳಲ್ಲಿ ಕನ್ನಡ ಎಷ್ಟಿದೆ ಎಂದು ನೋಡಿ.

ಕರ್ನಾಟಕದಲ್ಲೇ ಇರುವ ಕಾಲೇಜುಗಳಲ್ಲಿ ನಾಲ್ಕು ವರ್ಷ ಓದಿಯೂ ಒಂದು ಕನ್ನಡ ಪೋಸ್ಟರನ್ನೂ ಮಾಡದೆ ಹೊರಬರುವ ಮಕ್ಕಳಿದ್ದಾರೆ. ಅವರಿಗೆ ಇಂಗ್ಲಿಷ್ ಅಕ್ಷರಗಳ ಇನ್ನೂರು ಫಾಂಟಿನ ಹೆಸರು ಗೊತ್ತಿರುತ್ತದೆ. ಕನ್ನಡದ ತಲೆಕಟ್ಟು ಎಲ್ಲಿಂದ ಎದ್ದು ಎಲ್ಲಿಗೆ ಬಾಗಬೇಕು ಎಂದು ಕೇಳಿದರೆ ತಡಬಡಿಸುತ್ತಾರೆ.

ಕನ್ನಡದ ಸಾಲು ಇಂಗ್ಲಿಷಿನಂತೆ ನೆಟ್ಟಗೆ ಕೂರುವುದಿಲ್ಲ. ಗುಡಿಸು ಮೇಲಕ್ಕೆ ಏರುತ್ತದೆ, ಕೊಂಬು ಬಲಕ್ಕೆ ಚಾಚುತ್ತದೆ, ಒತ್ತಕ್ಷರ ಕೆಳಗಿಳಿಯುತ್ತದೆ. 'ರಾಷ್ಟ್ರೀಯ' ಎಂದು ಬರೆದು ನೋಡಿ. 'ಷ'ದ ಕೆಳಗೆ ಟಕಾರವೂ ರಕಾರವೂ ಒಟ್ಟಿಗೆ ಜಾಗ ಕೇಳುತ್ತವೆ. ಇಂಗ್ಲಿಷಿಗೆ ಹೊಂದಿಸಿದ ಸಾಲಿನ ಅಂತರವನ್ನೇ ಇಟ್ಟುಕೊಂಡರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಗುದ್ದುತ್ತದೆ. ನಮ್ಮ ಎಷ್ಟೋ ಆಹ್ವಾನ ಪತ್ರಿಕೆಗಳಲ್ಲಿ, ಸರ್ಕಾರಿ ಜಾಹೀರಾತುಗಳಲ್ಲಿ ದಿನಾ ಕಾಣುವ ಅಪಘಾತ ಇದು.

ಇಂಗ್ಲಿಷಿನಲ್ಲಿ ಒತ್ತಿ ಹೇಳಬೇಕಾದರೆ ದೊಡ್ಡಕ್ಷರವಿದೆ, ಓರೆ ಅಕ್ಷರವಿದೆ. ಕನ್ನಡದಲ್ಲಿ ದೊಡ್ಡಕ್ಷರವಿಲ್ಲ. ಓರೆ ಮಾಡಿದರೆ ನಮ್ಮ ಅಕ್ಷರದ ಗುಂಡು ಕೆಟ್ಟು ಕಣ್ಣಿಗೆ ಕಿರಿಕಿರಿ. ಹಾಗಾದರೆ ಒತ್ತು ಕೊಡುವುದು ಹೇಗೆ? ದಪ್ಪದಿಂದಲೋ, ಬಣ್ಣದಿಂದಲೋ, ಸುತ್ತ ಬಿಡುವ ಜಾಗದಿಂದಲೋ? ಇದನ್ನು ವಿದೇಶಿ ಪಠ್ಯಪುಸ್ತಕ ಹೇಳಿಕೊಡುವುದಿಲ್ಲ. ಮೊಳೆ ಜೋಡಿಸಿ ಪುಸ್ತಕ ಅಚ್ಚು ಹಾಕುತ್ತಿದ್ದ ಹಳೆಯ ಮೈಸೂರಿನ ಕಂಪೋಸಿಟರುಗಳಿಗೆ ಇದು ಬೆರಳ ತುದಿಯಲ್ಲಿತ್ತು. ಆ ತಿಳಿವಳಿಕೆ ಮೊಳೆಗಳ ಜೊತೆಗೇ ಗುಜರಿಗೆ ಹೋಗದಂತೆ ನೋಡಿಕೊಳ್ಳುವ ಜಾಗ ಕಾಲೇಜೇ ಆಗಬೇಕು.

ಕಂಪ್ಯೂಟರಿನ ತೊಡಕುಗಳು ಇದರ ಮೇಲೆ. ಹಳೆಯ ನುಡಿ, ಶ್ರೀಲಿಪಿ ಫಾಂಟುಗಳಲ್ಲಿ ಮಾಡಿದ ಫೈಲು ಆ ಫಾಂಟಿಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಾಗದ ಗೀಚು. ಯೂನಿಕೋಡಿನಲ್ಲಿ ಮಾಡೋಣವೆಂದರೆ, ಇನ್‌ಡಿಸೈನ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಎಂಬ ಆಯ್ಕೆಯನ್ನು ಒತ್ತದಿದ್ದರೆ ಒತ್ತಕ್ಷರಗಳು ಚದುರಿ ನಿಲ್ಲುತ್ತವೆ. ಅಡೋಬ್ ತಂತ್ರಾಂಶಗಳನ್ನು ಕಲಿಸುತ್ತೇವೆ ಎನ್ನುವ ಅಧ್ಯಾಪಕರಿಗೆ ಈ ಒಂದು ಪ್ರಶ್ನೆ ಕೇಳಿ: "ಇದರಲ್ಲಿ ಕನ್ನಡ ಯೂನಿಕೋಡ್ ಸರಿಯಾಗಿ ಬರೋ ಹಾಗೆ ಮಾಡೋದು ಹೇಗೆ?" ಉತ್ತರದಲ್ಲೇ ಎಲ್ಲವೂ ತಿಳಿಯುತ್ತದೆ.

ಇದು ಭಾಷಾಭಿಮಾನಕ್ಕಾಗಿ ಮಾತ್ರ ಹೇಳುವ ಮಾತಲ್ಲ, ಹೊಟ್ಟೆಪಾಡಿನ ಮಾತೂ ಹೌದು. 2024ರ ಕಾನೂನು ತಿದ್ದುಪಡಿಯಂತೆ ರಾಜ್ಯದಲ್ಲಿ ಅಂಗಡಿ, ಕಂಪನಿಗಳ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು. ಕನ್ನಡದ ಆ್ಯಪುಗಳು, ಓಟಿಟಿ ಪೋಸ್ಟರುಗಳು, ಪುಸ್ತಕಗಳ ಮುಖಪುಟಗಳು, ಬ್ಯಾಂಕಿನ ಅರ್ಜಿಗಳು, ದಿನಪತ್ರಿಕೆಗಳ ಪುಟಗಳು ಎಲ್ಲಕ್ಕೂ ಕನ್ನಡ ಅಕ್ಷರ ಬಲ್ಲ ವಿನ್ಯಾಸಕರು ಬೇಕು. ಒಳ್ಳೆಯ ಇಂಗ್ಲಿಷ್ ಪೋಸ್ಟರ್ ಮಾಡುವವರು ದೇಶದ ತುಂಬ ಇದ್ದಾರೆ. ಕನ್ನಡದ ಒಂದು ಸಾಲನ್ನು ಅದರ ಅಂದ ಕೆಡದಂತೆ ಗೋಡೆಯ ಮೇಲೆ ನಿಲ್ಲಿಸಬಲ್ಲವರು ಕಡಿಮೆ. ಮೈಸೂರಿನ ಮಗುವಿಗೆ ಹುಟ್ಟಿನಿಂದ ಬಂದ ಬಂಡವಾಳ ಇದು. ಅದನ್ನು ಬೆಳೆಸುವ ಕಾಲೇಜು ಸಿದ್ಧಾರ್ಥನಗರದಲ್ಲೇ ಸಿಕ್ಕರೆ ಸಿದ್ಧಾರ್ಥನಗರ, ಅಹಮದಾಬಾದಿನಲ್ಲಿ ಸಿಕ್ಕರೆ ಅಹಮದಾಬಾದ್. ಹೊರಗೆ ಹೋಗಿ ಕಲಿತು ಬರುವುದು ಮೈಸೂರಿಗೆ ಹೊಸದೇನಲ್ಲ, ಚಿತ್ರಕಾರ ಕೆ. ವೆಂಕಟಪ್ಪನವರನ್ನು ನಾಲ್ವಡಿಯವರು ಕಲ್ಕತ್ತೆಗೆ ಅವನೀಂದ್ರನಾಥ ಠಾಕೂರರ ಬಳಿ ಕಳಿಸಿದ್ದರು.

ಎಐ ಬಂತಲ್ಲ, ಇನ್ನೇಕೆ?

ಈ ಪ್ರಶ್ನೆ ಈಗ ಎಲ್ಲ ಮನೆಗಳಲ್ಲೂ ಇದೆ, ಇರಬೇಕಾದದ್ದೇ. ನಾಲ್ಕು ಪದ ಬರೆದರೆ ಚಿತ್ರ ಮಾಡಿಕೊಡುವ ಯಂತ್ರಗಳು ಬಂದಿವೆ. ಹುಟ್ಟುಹಬ್ಬದ ಫ್ಲೆಕ್ಸು, ಹಬ್ಬದ ಶುಭಾಶಯದಂಥ ಕೆಲಸಗಳ ಆದಾಯ ಕುಗ್ಗುತ್ತದೆ. ಬರೀ ತಂತ್ರಾಂಶ ಕಲಿತವರಿಗೆ ಹೊಡೆತ ಬೀಳುತ್ತದೆ. ಅದೇ ಯಂತ್ರಗಳು ಕನ್ನಡ ಅಕ್ಷರ ಬರೆಯಹೊರಟು ಮಾಡುವ ಅವಾಂತರವನ್ನೂ ಎಲ್ಲರೂ ನೋಡಿದ್ದಾರೆ. ಅದು ನಾಳೆ ಸರಿಹೋಗಬಹುದು. ಆಗಲೂ ಬಂದ ಹತ್ತು ಚಿತ್ರಗಳಲ್ಲಿ ಯಾವುದು ಈ ಊರಿಗೆ, ಈ ಓದುಗರಿಗೆ, ಈ ಆಸ್ಪತ್ರೆಯ ಕಾರಿಡಾರಿಗೆ ಸರಿ ಎಂದು ಆರಿಸಿ, ಕಾರಣ ಹೇಳಿ, ಹೊಣೆ ಹೊರುವವರು ಬೇಕು. ಜ್ಯೂರಿಯಲ್ಲಿ ನಿಂತು ಕಾರಣ ಹೇಳಿ ಪಳಗಿದ ಮಗು ಅಲ್ಲಿ ಉಳಿಯುತ್ತದೆ. ಹಾಗಾಗಿ ಪಠ್ಯಕ್ರಮದಲ್ಲಿ ತಂತ್ರಾಂಶಗಳ ಹೆಸರೇ ತುಂಬಿರುವ ಕಾಲೇಜನ್ನು ನಾನಾದರೆ ಬಿಡುತ್ತೇನೆ.

ಲ್ಯಾಪ್‌ಟಾಪ್ ಕೊಳ್ಳಲು ಸಾಲ ಮಾಡುವ ಅವಸರವೂ ಬೇಡ. ಮೊದಲ ವರ್ಷ ಕೆಲಸದ ಬಹುಪಾಲು ಕೈಯಲ್ಲೇ ನಡೆಯುತ್ತದೆ. ಇಂಕ್‌ಸ್ಕೇಪ್, ಕ್ರಿಟಾ, ಗಿಂಪ್, ಸ್ಕ್ರೈಬಸ್ ಎಲ್ಲವೂ ಉಚಿತ. ನೋಟೊ, ಬಾಲೂ ತಮ್ಮ, ಹುಬ್ಬಳ್ಳಿ ಮುಂತಾದ ಕನ್ನಡ ಫಾಂಟುಗಳೂ ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತವೆ.

ಈ ವರ್ಷ ತಡವಾದವರಿಗೆ

ಪ್ರವೇಶ ಪರೀಕ್ಷೆಗಳು ಮುಗಿದುಹೋಗಿವೆ ಎಂದು ಈಗ ಗೊತ್ತಾದವರು ಗಾಬರಿಯಲ್ಲಿ ಮೊದಲು ಸಿಕ್ಕ ಖಾಸಗಿ ಕಾಲೇಜಿಗೆ ಲಕ್ಷಗಳನ್ನು ಕಟ್ಟಬೇಡಿ. ಕಾವಾ, ಚಿತ್ರಕಲಾ ಪರಿಷತ್ತಿನಂಥ ಕಡೆ ಅನ್ವಯಿಕ ಕಲೆಗೆ ಅರ್ಜಿ ಇನ್ನೂ ಇದೆಯೇ ವಿಚಾರಿಸಿ. ಬೆಂಗಳೂರಿನ ಸರ್ಕಾರಿ ಮುದ್ರಣ ತಂತ್ರಜ್ಞಾನ ಸಂಸ್ಥೆಯಲ್ಲಿ ಡಿಪ್ಲೊಮಾ ಇದೆ. ಮುದ್ರಣದ ಒಳಹೊರಗು ಬಲ್ಲ ವಿನ್ಯಾಸಕರಿಗೆ ಪ್ಯಾಕೇಜಿಂಗ್ ಉದ್ಯಮದಲ್ಲಿ ಬೆಲೆಯಿದೆ.

ಯೂಸೀಡನ್ನು ಸತತ ಎರಡು ವರ್ಷ ಬರೆಯಲು ಅವಕಾಶವಿದೆ. ಒಂದು ವರ್ಷ ಮನೆಯಲ್ಲಿದ್ದು ತಯಾರಾಗುತ್ತೇನೆ ಎಂದು ಮಗು ಕೇಳಿದರೆ, ನೆಂಟರ ಬಾಯಿಗೆ ಹೆದರಿ ಬೇಡವೆನ್ನಬೇಡಿ. ಆ ವರ್ಷ ಕೋಚಿಂಗ್ ಕೋಣೆಯಲ್ಲೇ ಕಳೆಯಬೇಕಾಗಿಲ್ಲ. ದೇವರಾಜ ಮಾರುಕಟ್ಟೆಯಲ್ಲಿ ಕುಳಿತು ದಿನಾ ಎರಡು ಪುಟ ಚಿತ್ರ ಬರೆಯಲಿ. ರಸ್ತೆಯ ಬೋರ್ಡುಗಳ ಫೋಟೊ ತೆಗೆದು, ಯಾವುದು ದೂರದಿಂದ ಓದಿಸಿಕೊಳ್ಳುತ್ತದೆ, ಯಾವುದು ಇಲ್ಲ, ಯಾಕೆ ಎಂದು ಬರೆದಿಡಲಿ. ಸೋದರತ್ತೆಯ ಚಕ್ಕುಲಿ ವ್ಯಾಪಾರಕ್ಕೋ ಬೀದಿಯ ಗಣಪತಿ ಮಂಡಳಿಗೋ ಒಂದು ನಿಜವಾದ ಕೆಲಸ ಮಾಡಿ, ಅಚ್ಚಿಗೆ ಕಳಿಸಿ, ಬಂದ ತಪ್ಪುಗಳನ್ನು ಕಣ್ಣಾರೆ ನೋಡಲಿ. ಸಂದರ್ಶನ ಇರುವ ಕಡೆ ಕೇಳುವುದು ಇಂಥ ಕೆಲಸದ ಬಗ್ಗೆಯೇ.

ಸೆಪ್ಟೆಂಬರ್ ಶುರುವಾದ ಮೇಲೆ ಎನ್‌ಐಡಿ ಮತ್ತು ಯೂಸೀಡ್ ಜಾಲತಾಣಗಳನ್ನು ವಾರಕ್ಕೊಮ್ಮೆ ತೆರೆದು ನೋಡಿ. ಜಾತಿ ಪ್ರಮಾಣ ಪತ್ರ, ಆದಾಯ ಪ್ರಮಾಣ ಪತ್ರಗಳಿಗೆ ಈಗಲೇ ಅರ್ಜಿ ಕೊಟ್ಟು ಇಟ್ಟುಕೊಳ್ಳಿ. ಕೇಂದ್ರದ ಸಂಸ್ಥೆಗಳು ಕೇಳುವ ನಮೂನೆ ರಾಜ್ಯದ ನಮೂನೆಗಿಂತ ಬೇರೆ, ತಾಲ್ಲೂಕು ಕಚೇರಿಯಿಂದ ಅದು ಕೈಗೆ ಬರಲು ದಿನ ಹಿಡಿಯುತ್ತದೆ.